ಎರಡು ಗುಡ್ಡ, ನಡುವೆ ಸೂರ್ಯ: ಏಳನೇ ಕ್ಲಾಸಿಗೆ ಡ್ರಾಯಿಂಗ್ ಹೇಗೆ ಕಲಿಸೋದು?

ಕೊನೇ_ಪಿರಿಯಡ್ · ಶುಕ್ರವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನದ ಮೇಷ್ಟ್ರು. ಸಾಗರದ ಕಡೆ ಒಂದು ಹಿರಿಯ ಪ್ರಾಥಮಿಕ ಶಾಲೆ. ಈ ವರ್ಷ ಟೈಮ್‌ಟೇಬಲ್ ಹಾಕುವಾಗ ಆರು, ಏಳರ ಡ್ರಾಯಿಂಗ್ ಪಿರಿಯಡ್ ನನ್ನ ತಲೆಗೆ ಬಂತು. "ವಿಜ್ಞಾನದಲ್ಲಿ ಚಿತ್ರ ಬರೆಸ್ತೀರಲ್ಲ, ನೀವೇ ನೋಡಿಕೊಳ್ಳಿ" ಅಂದರು ಹೆಡ್‌ಮೇಷ್ಟ್ರು. ನನಗೆ ಬರುವುದು ಹೂವಿನ ಉದ್ದಸೀಳಿಕೆ ಮತ್ತು ಹೃದಯದ ನಾಲ್ಕು ಕೋಣೆ, ಅಷ್ಟೇ.

ಇವತ್ತು ಮೊದಲ ಕ್ಲಾಸು. "ನಿಮಗೆ ಇಷ್ಟವಾದದ್ದು ಬಿಡಿಸಿ" ಅಂದೆ. ಏಳನೇ ಕ್ಲಾಸಿನಲ್ಲಿ 31 ಮಕ್ಕಳು. 26 ಹಾಳೆಗಳಲ್ಲಿ ಒಂದೇ ಚಿತ್ರ. ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ಮನೆ, ಪಕ್ಕಕ್ಕೆ ಬಾಗಿದ ಒಂದು ತೆಂಗಿನ ಮರ. ಆಕಾಶದಲ್ಲಿ ಟಿಕ್ ಮಾರ್ಕ್ ಹಾಕಿದ ಹಾಗೆ ನಾಲ್ಕು ಹಕ್ಕಿ. ತಮಾಷೆ ಏನೆಂದರೆ ನಮ್ಮ ಕ್ಲಾಸಿನ ಕಿಟಕಿಯಾಚೆ ನಿಜವಾದ ಗುಡ್ಡವೇ ಇದೆ. ಮಳೆ ಬಂದು ಅರ್ಧ ಮುಚ್ಚಿತ್ತು. ಕೆಳಗೆ ಉದ್ದಕ್ಕೂ ಅಡಿಕೆ ತೋಟ. 31 ಮಕ್ಕಳಲ್ಲಿ ಒಬ್ಬರೂ ಅಡಿಕೆ ಮರ ಬಿಡಿಸಿಲ್ಲ!

ಅದಿರಲಿ. ಹಿಂದಿನ ಬೆಂಚಿನ ಒಬ್ಬ ಹುಡುಗ ಮುಖ ಬಿಡಿಸಲು ಹೋದ. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಮೂಗಿನ ಜಾಗದಲ್ಲಿ ಹಾಳೆ ತೂತಾಯಿತು. ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಯಾಕೋ ಅಂದೆ. "ನಂಗೆ ಬರಲ್ಲ ಸರ್. ಮೂರನೇ ಕ್ಲಾಸಲ್ಲಿ ಬರ್ತಿತ್ತು" ಅಂದ.

ಆ ಮಾತು ತಲೆಯಲ್ಲೇ ಕೂತಿದೆ. ಮೂರನೇ ಕ್ಲಾಸಿನಲ್ಲಿ ಬರುತ್ತಿದ್ದದ್ದು ಏಳಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಗೊತ್ತಿರುವವರು ಹೇಳಿ. ಪಿರಿಯಡ್ 40 ನಿಮಿಷ, ಖರ್ಚಿಗೆ ದುಡ್ಡಿಲ್ಲ, ಮೇಷ್ಟ್ರಿಗೆ ಚಿತ್ರ ಬರಲ್ಲ. ಇಷ್ಟನ್ನು ಇಟ್ಟುಕೊಂಡು ಏನು ಮಾಡಬಹುದು?


ಧಾರವಾಡ_ಪೇಡೆ · ಶುಕ್ರವಾರ, ರಾತ್ರಿ 9:40

ನಮ್ಮ ಸಾಲಿಯೊಳಗೂ ಅದೇ ಎರಡು ಗುಡ್ಡ ಸರ್. ಇಲ್ಲಿ ಎಲ್ಲಿ ನೋಡಿದರೂ ಸಪಾಟ ಎರಿ ಹೊಲ. ಗುಡ್ಡ ಎಲ್ಲಿಂದ ಬಂತೋ ದೇವರೇ ಬಲ್ಲ.


ಹಳೇ_ಬ್ರಷ್ · ಶುಕ್ರವಾರ, ರಾತ್ರಿ 10:25

ಹೈಸ್ಕೂಲಿನಲ್ಲಿ 26 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಈಗ ರಿಟೈರ್ಡ್. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಹುಡುಗ ಸುಳ್ಳು ಹೇಳಿಲ್ಲ. ಮೂರನೇ ಕ್ಲಾಸಿನ ಮಗು ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ. ಮನುಷ್ಯ ಅಂದರೆ ಒಂದು ಗುಂಡು, ಎರಡು ಕಣ್ಣು, ಕಡ್ಡಿ ಕೈ. ಅದಕ್ಕೆ ಅದು ಮನುಷ್ಯನೇ. ಹನ್ನೊಂದು ಹನ್ನೆರಡಕ್ಕೆ ಬಂದಾಗ ಕಣ್ಣು ಚುರುಕಾಗುತ್ತದೆ. ತಾನು ಬಿಡಿಸಿದ ಮೂಗು ಮೂಗಿನ ಹಾಗಿಲ್ಲ ಅಂತ ಕಾಣಿಸುತ್ತದೆ. ಕೈ ಮಾತ್ರ ಇನ್ನೂ ಮೂರನೇ ಕ್ಲಾಸಿನಲ್ಲೇ ಇರುತ್ತದೆ, ಯಾಕೆಂದರೆ ನಡುವೆ ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು 1940ರ ದಶಕದಲ್ಲೇ ಮಕ್ಕಳ ಚಿತ್ರಗಳನ್ನು ವಯಸ್ಸಿನ ಪ್ರಕಾರ ಹಂತ ಮಾಡಿ ಇದನ್ನೆಲ್ಲ ಬರೆದರು. ಒಂಬತ್ತರಿಂದ ಹನ್ನೆರಡರ ಒಳಗೆ ಮಗುವಿಗೆ ನಿಜದ ಹಾಗೆ ಬಿಡಿಸುವ ಆಸೆ ಹುಟ್ಟುತ್ತದೆ, ಆಮೇಲೆ ತನ್ನ ಚಿತ್ರವನ್ನು ತಾನೇ ಬೈದುಕೊಳ್ಳುವ ಕಾಲ ಬರುತ್ತದೆ. ನಾನು ಅದನ್ನು ಟ್ರೈನಿಂಗಿನಲ್ಲಿ ಓದಿ ಮರೆತಿದ್ದೆ. ಕ್ಲಾಸಿಗೆ ಹೋದ ಮೇಲೆ ನೆನಪಾಯಿತು.

ಅಂದರೆ ಎರಡು ಗುಡ್ಡ ಬಿಡಿಸುವುದು ಸೋಮಾರಿತನ ಅಲ್ಲ. ಅದು ರಕ್ಷಣೆ. ಆ ಚಿತ್ರ ಯಾವತ್ತೂ ತಪ್ಪಾಗುವುದಿಲ್ಲ, ಯಾರೂ ನಗುವುದಿಲ್ಲ.

ಈಗ ನಿಮ್ಮ 40 ನಿಮಿಷಕ್ಕೆ ಬರೋಣ. ಹಾಳೆ, ಬಣ್ಣ ಏನೂ ಬೇಡ. ಮಕ್ಕಳು ಚಪ್ಪಲಿ ಎಲ್ಲಿ ಬಿಡುತ್ತಾರೆ? ಕ್ಲಾಸಿನ ಬಾಗಿಲಲ್ಲಿ ಅಲ್ವಾ? ಒಬ್ಬೊಬ್ಬರೂ ತಮ್ಮ ಒಂದು ಚಪ್ಪಲಿ ತಂದು ಡೆಸ್ಕಿನ ಮೇಲೆ ಇಡಲಿ. (ಮೊದಲು ಒರೆಸಲು ಹೇಳಿ. ನಾನು ಹೇಳದೆ ಒಂದು ಸಲ ಡೆಸ್ಕೆಲ್ಲ ಕೆಸರಾಗಿ ಮಾತು ಕೇಳಿದ್ದೇನೆ.) ಪೆನ್ಸಿಲಿನ ತುದಿ ಹಾಳೆಯ ಮೇಲೆ, ಕಣ್ಣು ಚಪ್ಪಲಿಯ ಮೇಲೆ. ಚಪ್ಪಲಿಯ ಅಂಚಿನ ಮೇಲೆ ಒಂದು ಇರುವೆ ಹರಿಯುತ್ತಿದೆ ಅಂದುಕೊಂಡು ಕಣ್ಣು ಅದರ ಹಿಂದೆಯೇ ಹೋಗಬೇಕು. ಇರುವೆ ಎಷ್ಟು ನಿಧಾನವೋ ಪೆನ್ಸಿಲ್ಲೂ ಅಷ್ಟೇ ನಿಧಾನ. ಹಾಳೆ ನೋಡುವ ಹಾಗಿಲ್ಲ. ಐದು ನಿಮಿಷ. ರಬ್ಬರ್ ನಿಮ್ಮ ಮೇಜಿನ ಮೇಲಿರಲಿ.

ಬರುವ ಚಿತ್ರ ಸೊಟ್ಟಪಟ್ಟ ಇರುತ್ತದೆ. ಎಲ್ಲರದ್ದೂ ಸೊಟ್ಟವೇ. ಕ್ಲಾಸೆಲ್ಲ ಬಿದ್ದು ಬಿದ್ದು ನಗುತ್ತದೆ, ಆದರೆ ಒಬ್ಬನನ್ನು ನೋಡಿ ಅಲ್ಲ. ಆಮೇಲೆ ಅದೇ ಚಪ್ಪಲಿಯನ್ನು ಹಾಳೆ ನೋಡಿಕೊಂಡು ಇನ್ನೊಂದು ಸಲ. ಈ ಎರಡನೆಯದನ್ನು ನೀವೇ ನೋಡಿ, ಆಮೇಲೆ ಇಲ್ಲಿ ಬಂದು ಹೇಳಿ.

ನಿಮಗೆ ಚಿತ್ರ ಬರುವುದಿಲ್ಲ ಅನ್ನುವುದು ಒಳ್ಳೆಯದೇ. ನೀವೂ ಅವರ ಜೊತೆ ಕೂತು ನಿಮ್ಮ ಚಪ್ಪಲಿ ಬಿಡಿಸಿ.


ಇಬ್ಬರ_ಅಮ್ಮ · ಶನಿವಾರ, ಬೆಳಿಗ್ಗೆ 7:05

ಹಳೇ ಬ್ರಷ್ ಸರ್, ನೀವು ನನ್ನ ಮಗಳಿಗೆ ಮೇಷ್ಟ್ರಾಗಬೇಕಿತ್ತು.

ಅವಳು ಆರನೇ ಕ್ಲಾಸು, ಬೆಂಗಳೂರಿನ ಒಂದು ಖಾಸಗಿ ಶಾಲೆ. ಹೋದ ವರ್ಷ ಅಜ್ಜಿಯ ಚಿತ್ರ ಬಿಡಿಸಿದ್ದಳು. ಅಜ್ಜಿ ಹೂ ಕಟ್ಟುತ್ತಾ ಕೂತಿದ್ದಾರೆ. ಕೈ ಮಾತ್ರ ತುಂಬಾ ದೊಡ್ಡದು, ಮುಖಕ್ಕಿಂತ ದೊಡ್ಡದು. ಶಾಲೆಯಲ್ಲಿ ಮೇಡಂ ಆ ಕೈಯನ್ನು ಅಳಿಸಿ ತಾವೇ ಸಣ್ಣ ಕೈ ಬಿಡಿಸಿ, ಶೇಡಿಂಗ್ ಕೊಟ್ಟು ಗೋಡೆಗೆ ಹಾಕಿದರು. ನಾವು ನೋಡಲು ಹೋದಾಗ ಮಗಳು "ಅದು ನಂದಲ್ಲ" ಅಂದಳು. ಕೆಳಗೆ ಅವಳ ಹೆಸರೇ ಇತ್ತು.

ಮೇಡಂ ಕೆಟ್ಟವರಲ್ಲ. ಅಪ್ಪ ಅಮ್ಮ ಬರುತ್ತಾರೆ, ಗೋಡೆ ಚೆನ್ನಾಗಿ ಕಾಣಬೇಕು ಅಂತ ಅವರ ಮೇಲೆ ಒತ್ತಡ. ಆದರೂ ಹೇಳುತ್ತೇನೆ, ದಯವಿಟ್ಟು ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಆಡಿಸಬೇಡಿ. ತೋರಿಸಲೇಬೇಕಾದರೆ ಬೇರೆ ಹಾಳೆ ತಗೊಳ್ಳಿ.


ಚುಕ್ಕಿ_ರಂಗೋಲಿ · ಶನಿವಾರ, ಬೆಳಿಗ್ಗೆ 11:30

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಹಾಗಾಗಿ ನಾನು ಸ್ವಲ್ಪ ಆಚೆ ಎಳೆಯುತ್ತೇನೆ. ನಾನೂ ಚಿತ್ರಕಲಾ ಶಿಕ್ಷಕಿ, ತುಮಕೂರು ಕಡೆ.

ನೋಡಿ ಬಿಡಿಸುವುದು, ನಕಲು ಅಂದರೆ ಏನೋ ಪಾಪ ಅನ್ನುವ ಹಾಗೆ ಮಾತಾಡುತ್ತೇವೆ. ನೀವು ರಂಗೋಲಿ ಹೇಗೆ ಕಲಿತಿರಿ? ಅಮ್ಮ ಹಾಕಿದ್ದನ್ನು ನೋಡಿ ತಾನೇ? 7 ಚುಕ್ಕಿ 7 ಸಾಲು, ಕೈ ನಡುಗಿದರೆ ಎಳೆ ದಪ್ಪ. ನೂರು ಸಲ ಅದನ್ನೇ ಹಾಕಿದ ಮೇಲೆ ಕೈಗೆ ಧೈರ್ಯ ಬರುತ್ತದೆ, ಆಮೇಲೆ ನಮ್ಮದೇ ಒಂದು ಬಳ್ಳಿ ಸೇರಿಸುತ್ತೇವೆ. ಮೈಸೂರು ಚಿತ್ರ ಕಲಿಯುವವರು ಇವತ್ತಿಗೂ ಗುರುಗಳ ರೇಖೆಯನ್ನೇ ತಿದ್ದಿ ತಿದ್ದಿ ಕಲಿಯುತ್ತಾರೆ. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಫ್ರೀಹ್ಯಾಂಡ್ ಔಟ್‌ಲೈನ್ (ಸ್ಕೇಲಿಲ್ಲದೆ ಬರಿಗೈಯಲ್ಲಿ ಗೆರೆ) ಮಾಡುವಾಗ ಹೂಜಿಯ ಎಡಪಕ್ಕ ಬಲಪಕ್ಕ ಒಂದೇ ಸಮ ಬರಿಸಲು ಎಷ್ಟು ಬೆವರುತ್ತಾರೆ, ನೋಡಿದ್ದೀರಾ? ಆ ಬೆವರಿಗೂ ಬೆಲೆ ಇದೆ.

ಇನ್ನು ಆ ಎರಡು ಗುಡ್ಡ. ಅದನ್ನು ನೋಡಿ ನಗಬೇಡಿ. ಅದು ಅವರ ಅ ಆ ಇ ಈ. ಅಕ್ಷರ ಬಂದಿದೆ, ಇನ್ನು ವಾಕ್ಯ ಬರೆಸಿ. ನಾನು ಮಾಡುವುದು ಹೀಗೆ: "ಸರಿ, ಚೆನ್ನಾಗಿದೆ. ಈಗ ಇದೇ ಜಾಗದಲ್ಲಿ ಮಳೆ ಬಂತು. ಏನೇನು ಬದಲಾಗುತ್ತದೆ?" ಸೂರ್ಯ ಹೋದ. ಹೊಳೆ ಕೆಂಪಾಯಿತು. ಮನೆ ಮುಂದೆ ಒಣಹಾಕಿದ್ದ ಬಟ್ಟೆ ಒಳಗೆ ಬಂತು. "ಆ ಮನೆಯಲ್ಲಿ ಯಾರಿದ್ದಾರೆ?" ಅಂತ ಕೇಳಿದರೆ ಬಾಗಿಲು ತೆರೆಯುತ್ತದೆ. ಒಬ್ಬಳು ಹೊಸ್ತಿಲಲ್ಲಿ ಬೀಡಿ ಕಟ್ಟುವ ತಾಯಿಯನ್ನು ಕೂರಿಸಿದಳು. ಗುಡ್ಡ ಹಾಗೇ ಇತ್ತು, ಆದರೆ ಈಗ ಅದನ್ನು ಯಾರೂ ನೋಡುತ್ತಿರಲಿಲ್ಲ.


ಹಳೇ_ಬ್ರಷ್ · ಶನಿವಾರ, ಮಧ್ಯಾಹ್ನ 2:10

ಮೇಡಂ, ಬಾಗಿಲು ತೆರೆಯುವ ಮಾತು ನನ್ನ ಚಪ್ಪಲಿಗಿಂತ ಚೆನ್ನಾಗಿದೆ, ಒಪ್ಪಿದೆ. ಗ್ರೇಡ್ ಪರೀಕ್ಷೆಯ ವಿಷಯಕ್ಕೆ ಮಾತ್ರ ನನ್ನ ತಕರಾರು ಇದೆ. ರಂಗೋಲಿಯನ್ನು ಮಗು ಬೇಕು ಅಂತ ಕಲಿಯುತ್ತದೆ, ಮನೆಯ ಮುಂದೆ ನಾಲ್ಕು ಜನ ನೋಡುತ್ತಾರೆ. ಪರೀಕ್ಷೆಯ ಹೂಜಿ ಯಾರ ಮನೆಯದು? ನಾನೇ ನೂರಾರು ಮಕ್ಕಳನ್ನು ಆ ಪರೀಕ್ಷೆಗೆ ತಯಾರು ಮಾಡಿದ್ದೇನೆ. ಪಾಸಾದವರಲ್ಲಿ ಎಷ್ಟು ಜನ ಆಮೇಲೆ ಸುಮ್ನೆ ಖುಷಿಗೆ ಒಂದು ಗೆರೆ ಎಳೆದರೋ ಕಾಣೆ.


ಚುಕ್ಕಿ_ರಂಗೋಲಿ · ಶನಿವಾರ, ಮಧ್ಯಾಹ್ನ 2:31

ಹಾಗಾದರೆ ಮನೆಯ ಚೊಂಬು ತರಿಸಿ ಸರ್. ಎಡ ಬಲ ಒಂದೇ ಸಮ ಬರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. :)


ನಿಯಮದ_ಪ್ರಕಾರ · ಶನಿವಾರ, ಸಂಜೆ 6:00

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ವಿಜ್ಞಾನದ ಮೇಷ್ಟ್ರು ಡ್ರಾಯಿಂಗ್ ಮಾಡಿಸುವ ಪರಿಸ್ಥಿತಿ ಯಾಕೆ ಬಂತು ಅಂತ ಯಾರೂ ಕೇಳುತ್ತಿಲ್ಲವಲ್ಲ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆಗೆ ಒಬ್ಬ ಅರೆಕಾಲಿಕ ಬೋಧಕರು ಇರಬೇಕು ಅಂತ ಇದೆ. ನೂರಕ್ಕಿಂತ ಕಡಿಮೆ ಇದ್ದರೆ? ಅದರಲ್ಲಿ ಏನೂ ಇಲ್ಲ. ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟರಲ್ಲಿ ಆ ಮೂರು ತರಗತಿ ಸೇರಿ ನೂರು ದಾಟುತ್ತದೆ ಹೇಳಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಂತೂ ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಅಂದಿತ್ತು.


ಧಾರವಾಡ_ಪೇಡೆ · ಶನಿವಾರ, ಸಂಜೆ 6:08

ಕಡ್ಡಾಯ ಐತಿ ಸರ್. ಗಣಿತದ ಪೋರ್ಷನ್ ಮುಗಿಸಲಿಕ್ಕೆ ಡ್ರಾಯಿಂಗ್ ಪಿರಿಯಡ್ ಕಡ್ಡಾಯ ಬೇಕು.


ಕೆಮ್ಮಣ್ಣು · ಭಾನುವಾರ, ಬೆಳಿಗ್ಗೆ 8:45

ಕೊನೇ ಪಿರಿಯಡ್ ಸರ್, ನೀವು ಸಾಗರದ ಕಡೆಯವರು ಅಂದಿರಿ. ನಿಮ್ಮ ಕ್ಲಾಸಿನಲ್ಲಿ ದೀವರ ಮನೆಯ ಮಕ್ಕಳು ಖಂಡಿತ ಇರುತ್ತಾರೆ. ಅವರ ಅಜ್ಜಿಯಂದಿರನ್ನು ಒಂದು ಮಾತು ಕೇಳಿ.

ನಮ್ಮ ಅಮ್ಮಮ್ಮ ಹಸೆ ಚಿತ್ತಾರ, ಅಂದರೆ ನಮ್ಮ ದೀವರ ಮನೆಗಳ ಗೋಡೆ ಚಿತ್ರ, ಬರೆಯುತ್ತಿದ್ದರು. ಅಂಗಡಿಯಿಂದ ಬರುತ್ತಿದ್ದದ್ದು ಏನೂ ಇಲ್ಲ. ಗೋಡೆಗೆ ಕೆಮ್ಮಣ್ಣು ಬಳಿಯುವುದು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರ್ರಗೆ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ನಾರು, ತುದಿ ಜಜ್ಜಿ ಸಪೂರ ಮಾಡಿದ್ದು. ಅಮ್ಮಮ್ಮ ನಾರನ್ನು ಗೋಡೆಗೆ ಚುಚ್ಚುತ್ತಿರಲಿಲ್ಲ, ಮಲಗಿಸಿ ಎಳೆಯುತ್ತಿದ್ದರು. ಒದ್ದೆ ನಾರು ಪೂರ್ತಿ ಗೋಡೆಗೆ ತಾಗಿ ಎದ್ದರೆ ಒಂದು ನೇರ ಗೆರೆ. ಸ್ಕೇಲ್ ಇಲ್ಲ, ರಬ್ಬರ್ ಇಲ್ಲ. ತಪ್ಪಿದರೆ ಬೆರಳಿಗೆ ಕೆಮ್ಮಣ್ಣು ಅದ್ದಿ ಮುಚ್ಚುವುದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಹೊರುವ ಬುಟ್ಟಿಗೂ ಅದೇ ಚಿತ್ತಾರ. ಆ ಬುಟ್ಟಿ ಗುಂಡಗೆ ಇರುತ್ತದಲ್ಲ, ಅದರ ಮೇಲೆ ಗೆರೆ ನೇರ ಎಳೆಯುವುದು ಗೋಡೆಗಿಂತ ಕಷ್ಟ. ನಾನು ಒಂದು ಸಲ ಕೈ ಹಾಕಿ ಬೈಸಿಕೊಂಡಿದ್ದೇನೆ.

ಒಂದು ಮಾತು ಮಾತ್ರ ಹೇಳಬೇಕು. ಶಾಲೆಯವರು ಇದನ್ನು 'ಚಟುವಟಿಕೆ' ಅಂತ ಮಾಡಿ, ನೆಟ್ಟಿನಲ್ಲಿ ಸಿಕ್ಕ ಡಿಸೈನ್ ಪ್ರಿಂಟ್ ಹಾಕಿ ಕಾರ್ಡ್‌ಶೀಟಿಗೆ ಸ್ಕೆಚ್ ಪೆನ್ನಿನಲ್ಲಿ ತುಂಬಿಸುತ್ತಾರೆ. ಅದು ಬೇಡ. ಅಜ್ಜಿಯನ್ನೇ ಕರೆಯಿರಿ. ಕುರ್ಚಿ ಹಾಕಿ ಕೂರಿಸಿ, ಟೀ ಕೊಡಿ. ಹೊಲದ ಕೆಲಸ ಬಿಟ್ಟು ಬಂದಿರುತ್ತಾರೆ, ಆ ದಿನದ ಕೂಲಿಯನ್ನೂ ಕೈಯಲ್ಲಿ ಇಡಿ. ನಮ್ಮ ಜನರ ಮಕ್ಕಳು ಶಾಲೆಯಲ್ಲಿ ಮನೆಯ ಮಾತು, ಮನೆಯ ಊಟ ಎಲ್ಲ ಮುಚ್ಚಿಟ್ಟುಕೊಂಡು ಬೆಳೆದವರು. ಅಜ್ಜಿ ಬಂದು ಕ್ಲಾಸಿನ ಮುಂದೆ ಕೂತ ದಿನ ಆ ಮಗುವಿನ ಬೆನ್ನು ಹೇಗೆ ನೆಟ್ಟಗಾಗುತ್ತದೆ ಅಂತ ನೀವೇ ನೋಡುತ್ತೀರಿ.


ಇಬ್ಬರ_ಅಮ್ಮ · ಭಾನುವಾರ, ಬೆಳಿಗ್ಗೆ 9:20

ಇದನ್ನು ಎರಡು ಸಲ ಓದಿದೆ. ನಾರನ್ನು ಮಲಗಿಸಿ ಎಳೆಯುವುದು ಕಣ್ಣಿಗೆ ಕಟ್ಟಿತು.

ಬಣ್ಣದ ಮಾತು ಬಂತಲ್ಲ, ಒಂದು ಪ್ರಶ್ನೆ. ಕ್ರೇಯಾನ್ ಡಬ್ಬಿಯಲ್ಲಿ ಒಂದು ತೆಳು ಗುಲಾಬಿ ಇರುತ್ತದೆ. ಮಕ್ಕಳೆಲ್ಲ ಅದಕ್ಕೆ 'ಸ್ಕಿನ್ ಕಲರ್' ಅನ್ನುತ್ತಾರೆ. ನನ್ನ ಸಣ್ಣ ಮಗಳು ಕಪ್ಪು. ತನ್ನ ಚಿತ್ರಕ್ಕೂ ಅದೇ ಗುಲಾಬಿ ಹಚ್ಚುತ್ತಾಳೆ. ಏನು ಹೇಳಲಿ?


ಚುಕ್ಕಿ_ರಂಗೋಲಿ · ಭಾನುವಾರ, ಬೆಳಿಗ್ಗೆ 10:50

ಏನೂ ಹೇಳಬೇಡಿ, ಬಣ್ಣ ಕಲೆಸಲು ಬಿಡಿ. ನಾನು ಪ್ರತಿ ವರ್ಷ ಆರನೇ ಕ್ಲಾಸಿಗೆ ಮಾಡಿಸುವ ಪಾಠ ಇದು. ಪೋಸ್ಟರ್ ಕಲರ್ ನಾಲ್ಕೇ ಡಬ್ಬಿ: ಕೆಂಪು, ಹಳದಿ, ನೀಲಿ, ಬಿಳಿ. ಕಪ್ಪು ಕೊಡುವುದಿಲ್ಲ. ನಾಲ್ಕು ನಾಲ್ಕು ಮಕ್ಕಳ ಗುಂಪು. ಪ್ರತಿಯೊಬ್ಬರೂ ತಮ್ಮ ಕೈಯ ಬಣ್ಣ ಕಲೆಸಬೇಕು. ಕೆಂಪು ಹಳದಿ ಸೇರಿದರೆ ಕಿತ್ತಳೆ, ಅದಕ್ಕೆ ಸೂಜಿಮೊನೆಯಷ್ಟು ನೀಲಿ ಬಿದ್ದರೆ ಕಂದು. ಅಲ್ಲಿಂದ ಶುರು. ಒಂದು ಬೊಟ್ಟು ಮೊಣಕೈ ಹತ್ತಿರ ಹಚ್ಚಿ ನೋಡುವುದು. ಬೊಟ್ಟು ಕಾಣಿಸಿದರೆ ಇನ್ನೂ ಸರಿಯಾಗಿಲ್ಲ, ಕಾಣಿಸದೆ ಮಾಯವಾದರೆ ಸರಿ.

ಕ್ಲಾಸಿನ ಅತಿ ಬೆಳ್ಳಗಿನ ಹುಡುಗನಿಗೂ ಆ ಡಬ್ಬಿಯ ಗುಲಾಬಿ ಹೊಂದುವುದಿಲ್ಲ. ಒಂದು ಕೈಯಲ್ಲೇ ಅಂಗೈಗೊಂದು, ಮುಂಗೈಗೊಂದು ಬಣ್ಣ ಬೇಕು ಅಂತ ಅವರೇ ಕಂಡುಹಿಡಿಯುತ್ತಾರೆ. ಆಮೇಲೆ ಆ ಬಣ್ಣಗಳಿಗೆ ಹೆಸರಿಡಲು ಹೇಳುತ್ತೇನೆ. ಹೋದ ಸಲ ಬಂದ ಹೆಸರುಗಳು: ರಾಗಿ ಅಂಬಲಿ, ಜೋನಿ ಬೆಲ್ಲ, ಹುಣಸೆಹಣ್ಣು, ಹಾಲು ಜಾಸ್ತಿ ಟೀ, ಹಾಲು ಕಮ್ಮಿ ಟೀ.


ಕೊನೇ_ಪಿರಿಯಡ್ · ಭಾನುವಾರ, ರಾತ್ರಿ 8:30

ಪೋಸ್ಟರ್ ಕಲರ್‌ಗೆ ದುಡ್ಡು ಎಲ್ಲಿಂದ ತರಲಿ ಅಂತ ಯೋಚಿಸುತ್ತಿದ್ದೆ. ಆಮೇಲೆ ನನ್ನದೇ ವಿಜ್ಞಾನ ನೆನಪಾಯಿತು. ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುತ್ತದೆ. ಏಳರ ಪಾಠದಲ್ಲಿ ಆಮ್ಲ, ಪ್ರತ್ಯಾಮ್ಲ ಇದೆ. ಒಂದೇ ಕಲ್ಲಿಗೆ ಎರಡು ಹಕ್ಕಿ.


ಹಳೇ_ಬ್ರಷ್ · ಭಾನುವಾರ, ರಾತ್ರಿ 9:02

ಭೇಷ್. ಆದರೆ ಅರಿಶಿನದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬೇಗ ಬಿಳಚಿಕೊಳ್ಳುತ್ತದೆ. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿಗೆ ಸ್ವಲ್ಪ ಫೆವಿಕಾಲ್ ಹಾಕಿ ಕಲೆಸಿ. ವರ್ಷಗಟ್ಟಲೆ ನಿಲ್ಲುತ್ತದೆ. ಬಿಸಿಯೂಟದ ಒಲೆ ಸೌದೆಯದಾಗಿದ್ದರೆ ಇದ್ದಿಲು ಪುಕ್ಕಟೆ. ಹಾಳೆ ಬದಲು ಹಳೆಯ ಕ್ಯಾಲೆಂಡರಿನ ಹಿಂಬದಿ.


ಕಾವೇರಿ_ತೀರ · ಸೋಮವಾರ, ರಾತ್ರಿ 10:15

ಶ್ರೀರಂಗಪಟ್ಟಣದ ಹತ್ತಿರ ಸಮಾಜ ವಿಜ್ಞಾನ ಹೇಳುತ್ತೇನೆ. ನನ್ನದು ಸ್ವಲ್ಪ ಬೇರೆ ಕಥೆ.

ಎಂಟನೇ ಕ್ಲಾಸಿಗೆ ಪರ್ಸ್‌ಪೆಕ್ಟಿವ್ ಹೇಳಿಕೊಟ್ಟಿದ್ದೆ. ಶಾಲೆಯ ಉದ್ದ ಜಗುಲಿಯ ಒಂದು ತುದಿಯಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಕೈ ಚಾಚಿ ಪೆನ್ಸಿಲಿನಲ್ಲಿ ಕಂಬ ಅಳೆಯಿರಿ ಅಂದೆ. ಮೊದಲ ಕಂಬ ಪೂರ್ತಿ ಪೆನ್ಸಿಲ್, ಕೊನೆಯದು ಉಗುರಿನಷ್ಟು. ಮಕ್ಕಳಿಗೆ ಮ್ಯಾಜಿಕ್ ನೋಡಿದ ಹಾಗಾಯಿತು. ಈ ವಯಸ್ಸಿನವರಿಗೆ "ನಿನ್ನಿಷ್ಟ ಬಂದ ಹಾಗೆ ಬಿಡಿಸು" ಅಂದರೆ ಸಾಕಾಗುವುದಿಲ್ಲ, ಅವರಿಗೆ ಉಪಾಯ ಬೇಕು. ಅದು ನನ್ನ ಅನುಭವ.

ಮುಂದಿನ ವಾರ ದರಿಯಾ ದೌಲತ್‌ಗೆ ಕರೆದುಕೊಂಡು ಹೋದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ. ಪಶ್ಚಿಮದ ಗೋಡೆ ತುಂಬ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಓಡಾಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ ಅಂತ ಗೊತ್ತಿತ್ತು. ಹಾಗಾಗಿ ಒಂದೇ ಕೆಲಸ ಕೊಟ್ಟೆ: ಇಡೀ ಗೋಡೆಯಲ್ಲಿ ಹೆದರಿಕೊಂಡ ಒಬ್ಬ ಮನುಷ್ಯನನ್ನು ಹುಡುಕಿ. ಅರ್ಧ ಗಂಟೆ ಸದ್ದೇ ಇಲ್ಲ. ಕೊನೆಗೆ ಒಬ್ಬಳು ಕೂಗಿದಳು. ಬ್ರಿಟಿಷ್ ಸೈನಿಕರ ಚೌಕದ ಒಳಗೆ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಅವರ ದಂಡನಾಯಕ ಕರ್ನಲ್ ಬೇಯ್ಲಿ.

ಆಮೇಲೆ ಒಬ್ಬ ಹುಡುಗ ಕೇಳಿದ. "ಸಾ, ಇಲ್ಲಿ ಹಿಂದಿರೋ ಕುದುರೆನೂ ಮುಂದಿರೋ ಕುದುರೆನೂ ಒಂದೇ ಸೈಜು. ಇವ್ರಿಗೆ ದೂರ ಹತ್ರ ಬರ್ತಿರ್ಲಿಲ್ವಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನನ್ನೇ ಕೇಳಿದೆ, ನೀನಾಗಿದ್ದರೆ ಹೇಗೆ ಬಿಡಿಸುತ್ತಿದ್ದೆ? ಅವನು ಸ್ವಲ್ಪ ಹೊತ್ತು ಗೋಡೆ ನೋಡಿ, "ಹಿಂದಿನವ್ರನ್ನ ಸಣ್ಣದು ಮಾಡಿದ್ರೆ ಅವ್ರು ಯಾರು ಅಂತ ಗೊತ್ತಾಗಲ್ಲ ಸಾ. ಇವ್ನಿಗೆ ಎಲ್ರೂ ಬೇಕಿತ್ತು" ಅಂದ.

ಹಿಂದಿನ ವಾರ ನಾನೇ ಹೇಳಿಕೊಟ್ಟ ಪಾಠವನ್ನು ಅವನು ಪಕ್ಕಕ್ಕಿಟ್ಟ. ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.


ಹಳೇ_ಬ್ರಷ್ · ಸೋಮವಾರ, ರಾತ್ರಿ 10:40

ಆ ಹುಡುಗನ ಮಾತನ್ನು ಬರೆದಿಟ್ಟುಕೊಂಡೆ. ಮಲೆನಾಡಿನ ಮೇಷ್ಟ್ರೇ, ಇದೇ ತರ ನಿಮ್ಮ ಮಕ್ಕಳಿಗೆ ಕೆ. ವೆಂಕಟಪ್ಪನವರು ಊಟಿಯಲ್ಲಿ ಮಾಡಿದ ಜಲವರ್ಣ ಚಿತ್ರ ಒಂದನ್ನು ಮೊಬೈಲಿನಲ್ಲಾದರೂ ತೋರಿಸಿ. ಅಲ್ಲೂ ಗುಡ್ಡಗಳಿವೆ. ತ್ರಿಕೋನ ಎಲ್ಲಿದೆ ಅಂತ ಹುಡುಕಲಿ.


ಕೊನೇ_ಪಿರಿಯಡ್ · ಮೂರು ವಾರದ ನಂತರ, ಶುಕ್ರವಾರ, ರಾತ್ರಿ 9:50

ವರದಿ ಒಪ್ಪಿಸಬೇಕಲ್ಲ, ಬಂದೆ.

ಮೊದಲ ವಾರ ಚಪ್ಪಲಿ. ಇರುವೆಯ ಉಪಾಯ ಕೆಲಸ ಮಾಡಿತು. ಐದು ನಿಮಿಷ ಅಂದಿದ್ದಿರಿ, ನಮ್ಮವರು ಎರಡು ನಿಮಿಷಕ್ಕೇ ಮುಗಿಸಿದರು. "ಇರುವೆ ಬಸ್ ಹತ್ತಿತಾ?" ಅಂದೆ. ಮತ್ತೆ ಶುರು ಮಾಡಿದರು. ನಾನೂ ಬಿಡಿಸಿದೆ. ನನ್ನ ಚಪ್ಪಲಿ ಆಲೂಗಡ್ಡೆ ಆಗಿತ್ತು. ಅದನ್ನೇ ಬೋರ್ಡಿಗೆ ಮೊದಲು ಅಂಟಿಸಿದೆ.

ಹಾಳೆ ತೂತು ಮಾಡಿಕೊಂಡ ಹುಡುಗನ ಬಗ್ಗೆ ಹೇಳುತ್ತೇನೆ. ಅವನು ರಬ್ಬರ್ ಕೊಡಲು ಒಪ್ಪಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತ. ಇರಲಿ ಅಂತ ಸುಮ್ಮನಾದೆ. ಎರಡನೇ ಸಲದ ಚಿತ್ರದಲ್ಲಿ ಅವನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಪಿನ್ನು ಹಾಕಿದ್ದು ಬಂದಿತ್ತು. ಸೇಫ್ಟಿ ಪಿನ್ನಿನ ಸುರುಳಿ, ಅದರ ತಲೆ, ರಬ್ಬರಿನೊಳಗೆ ತೂರಿ ಹೊರಬಂದ ಮೊನೆ, ಎಲ್ಲ ಇತ್ತು. ಹಿಮ್ಮಡಿ ಸವೆದು ಒಂದು ಕಡೆ ತೆಳ್ಳಗಾದದ್ದೂ ಇತ್ತು. ಪಕ್ಕದವನು "ಲೇ, ಪಿನ್ ಯಾಕೆ ಹಾಕ್ದೆ, ಅಸಹ್ಯ" ಅಂದ. ಇವನು "ಇದೆಯಲ್ಲ ಮಾರಾಯ" ಅಂದ. ಅಷ್ಟೇ ಮಾತು.

ಎರಡನೇ ವಾರ ಅಜ್ಜಿಯೊಬ್ಬರು ಬಂದಿದ್ದರು. ಆರನೇ ಕ್ಲಾಸಿನ ಹುಡುಗಿಯ ಅಮ್ಮಮ್ಮ. ಕುರ್ಚಿಯಲ್ಲಿ ಕೂರಲು ಒಪ್ಪಲೇ ಇಲ್ಲ, ನೆಲದಲ್ಲೇ ಕೂತರು, ಹಾಗಾಗಿ ಎಲ್ಲರೂ ನೆಲಕ್ಕಿಳಿದೆವು. ಕೂಲಿ ದುಡ್ಡನ್ನು ಹೆಡ್‌ಮೇಷ್ಟ್ರು ತಮ್ಮ ಜೇಬಿನಿಂದಲೇ ಕೊಟ್ಟರು, ಅದನ್ನು ಹೇಳಲೇಬೇಕು. ಜಗುಲಿಯ ಗೋಡೆಯ ಒಂದು ಮೂಲೆ ಈಗ ಕೆಂಪಾಗಿದೆ. ಮಳೆಗೆ ಇನ್ನೂ ಒಣಗಿಲ್ಲ.

ಇವತ್ತು ಕಿಟಕಿಯ ಗುಡ್ಡ ಬಿಡಿಸಿ ಅಂದೆ. 31ರಲ್ಲಿ 9 ಜನ ಮತ್ತೆ ಎರಡು ತ್ರಿಕೋನವನ್ನೇ ಬಿಡಿಸಿದ್ದಾರೆ. ಚುಕ್ಕಿ ಮೇಡಂ, ನಗಲಿಲ್ಲ, ಮಳೆ ಬರಿಸಲು ಹೇಳಿದ್ದೇನೆ. ಉಳಿದವರ ಹಾಳೆಗಳಲ್ಲಿ ಗುಡ್ಡವೇ ಇಲ್ಲ! ಮಂಜು ಮುಚ್ಚಿತ್ತು, ಕಾಣಿಸಲಿಲ್ಲ ಸರ್ ಅಂತಾರೆ. ನಿಜವೇ, ಕಾಣಿಸುತ್ತಿರಲಿಲ್ಲ. ಅಡಿಕೆ ಮರದ ತಲೆಗಳು ಮಾತ್ರ ಇವೆ, ಇದ್ದಿಲಿನಲ್ಲಿ ಒರೆಸಿದ ಹಾಗೆ.

ಪ್ರಗತಿ ಪತ್ರದ ಭಾಗ ಬಿ-ಯಲ್ಲಿ (ಸಹಪಠ್ಯ ಚಟುವಟಿಕೆಗಳ ಭಾಗ) ಇದಕ್ಕೆಲ್ಲ ಗ್ರೇಡ್ ಕೊಡಬೇಕಲ್ಲ, ಖಾಲಿ ಹಾಳೆಗೆ ಎ ಕೊಟ್ಟರೆ ಯಾರಾದರೂ ಕೇಳುತ್ತಾರಾ?


ಧಾರವಾಡ_ಪೇಡೆ · ಶುಕ್ರವಾರ, ರಾತ್ರಿ 10:01

ಯಾರೂ ಕೇಳಂಗಿಲ್ಲ ಸರ್. ಭಾಗ ಬಿ ಯಾರು ಓದತಾರ? ಧೈರ್ಯಾಗಿ ಎ ಕೊಡ್ರಿ. ಮುಂದಿನ ಶುಕ್ರವಾರ ಗಣಿತದವರು ಪಿರಿಯಡ್ ಕೇಳಿದರೆ ಮಾತ್ರ ಕೊಡಬ್ಯಾಡ್ರಿ.


ಕೊನೇ_ಪಿರಿಯಡ್ · ಶುಕ್ರವಾರ, ರಾತ್ರಿ 10:06

ಆಗಲೇ ಕೇಳಿದ್ದಾರೆ. ಗಣಿತದವರೂ ನಾನೇ.